ಬದುವಿನ ಮೇಲೆ ಬಿಚ್ಚಿಟ್ಟ ಬೂಟು

ಗಂಬೂಟು ಆರಿಸುವುದರಲ್ಲಿ ನಾನು ಮಾಡಿದ ತಪ್ಪಿಗೆ ಬೆಲೆ ತೆತ್ತದ್ದು ನನ್ನ ಕಾಲಲ್ಲ, ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಕಾಲು. ಬೂಟು ಹರಿದುಹೋಗಿ ನನ್ನ ದುಡ್ಡು ದಂಡವಾಗಿದ್ದರೆ ಅದು ನನ್ನ ಮನೆಯೊಳಗಿನ ಲೆಕ್ಕವಾಗಿ ಮುಗಿಯುತ್ತಿತ್ತು, ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆ ಬೂಟುಗಳು ಹರಿಯಲಿಲ್ಲ, ಸೋರಲೂ ಇಲ್ಲ. ಅಷ್ಟು ಗಟ್ಟಿಯಾಗಿದ್ದೂ ಯಾರ ಕಾಲನ್ನೂ ಕಾಯಲಿಲ್ಲ.

ನಮ್ಮ ಜಮೀನು ಬಂಗಾರಪೇಟೆಯಿಂದ ಬೇತಮಂಗಲದ ಕಡೆ ಹೋಗುವಾಗ ಸಿಗುವ ಒಂದು ಕೆರೆಯ ಕೆಳಗಿದೆ. ಮೇಲಿನ ಕೆಮ್ಮಣ್ಣಿನಲ್ಲಿ ರಾಗಿ, ಟೊಮೇಟೊ. ಕೆರೆಯ ಹಿಂದಿನ ತಗ್ಗಿನಲ್ಲಿ ಒಂದಿಷ್ಟು ಭತ್ತ, ಹಸುಗಳಿಗೆ ಹುಲ್ಲು. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಭೂಮಿಯ ಒಳಗೆ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೈಗೆ ಬಂದ ಹಣದಲ್ಲಿ ಸಾಲ ತೀರಿಸಿ, ಉಳಿದದ್ದನ್ನು ಈ ನೆಲಕ್ಕೆ ಹಾಕಿದರು. ಬೇಸಾಯ ನಮಗೆ ಹಾಗೆ ಬಂದದ್ದು.

ಕೋಲಾರದ ಕಡೆಯವರಿಗೆ ಗಂಬೂಟಿನ ಯೋಚನೆಯೇ ಇರಲಿಲ್ಲ. ನದಿಯಿಲ್ಲದ ಜಿಲ್ಲೆ ಅನ್ನಿಸಿಕೊಂಡ ನಾಡು. ಪಾಲಾರ್ ಹರಿಯುವುದನ್ನು ಕಂಡ ನೆನಪು ದೊಡ್ಡವರಿಗೇ ಅಪರೂಪ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗದ ಕಡೆ ಕಾಲಿಗೆ ನೀರು ತಾಗಬಾರದು ಅಂತ ಬೂಟು ಕೊಳ್ಳುವವರು ಯಾರು? 2018ರಲ್ಲಿ ಬೆಂಗಳೂರಿನಲ್ಲಿ ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಜಿಲ್ಲೆಯ ಕೆರೆಗಳು ಒಂದೊಂದಾಗಿ ತುಂಬತೊಡಗಿದವು. ಅದರ ಮೇಲೆ 2021ರ ನವೆಂಬರ್ ಮಳೆ ಸುರಿಯಿತು. ಕೆರೆಗಳು ಕೋಡಿ ಹರಿದವು. ಕೊಯ್ಲಿಗೆ ಬಂದಿದ್ದ ರಾಗಿ ತೆನೆ ನಿಂತಲ್ಲೇ ಮೊಳೆಯಿತು, ಟೊಮೇಟೊ ಗಿಡದ ಬುಡದಲ್ಲಿ ನೀರು ನಿಂತು ಕೊಳೆಯಿತು. ಆ ಮಳೆಯ ನಂತರವೇ ನಮ್ಮ ತಗ್ಗು ಜಮೀನು ವರ್ಷದ ಅರ್ಧ ಭಾಗ ಕೆಸರಾಗಿ ಉಳಿಯತೊಡಗಿದ್ದು. ಕೆಸರಿನ ಜೊತೆ ಕಪ್ಪೆ ಬಂದವು, ಇಲಿ ಹೆಚ್ಚಿದವು, ಅವುಗಳ ಹಿಂದೆ ಹಾವುಗಳೂ ಬಂದವು.

ಹಾಗಾಗಿ ಆಳುಗಳಿಗೆ ಬೂಟು ಕೊಡಿಸಬೇಕೆಂದು ಮನಸ್ಸು ಮಾಡಿದೆ. ಆ ಮನಸ್ಸು ಸುಳ್ಳಲ್ಲ. ಆದರೆ ಕೊಂಡ ರೀತಿ ಹೀಗಿತ್ತು: ಅಂಗಡಿಗೆ ನಾನೊಬ್ಬನೇ ಹೋದೆ. ಗಟ್ಟಿ ಇದೆಯೇ, ಎತ್ತರ ಇದೆಯೇ, ನೀರು ಒಳಗೆ ಬರುತ್ತದೆಯೇ ಎಂದು ಮೂರು ಪ್ರಶ್ನೆ ಕೇಳಿದೆ. ಮೊಣಕಾಲಿನ ತನಕ ಬರುವ ದಪ್ಪ ಪಿವಿಸಿ ಬೂಟು ತೋರಿಸಿದರು. ಬೆರಳಿನಿಂದ ಒತ್ತಿದರೆ ಬಗ್ಗಲಿಲ್ಲ. ಬಗ್ಗದಿರುವುದೇ ಒಳ್ಳೆಯ ಗುಣ ಅಂದುಕೊಂಡೆ. ಸಗಟಿಗೆ ಕೊಂಡರೆ ದರ ಇಳಿಸುತ್ತೇವೆ ಅಂದರು. ಎಲ್ಲರಿಗೂ ಆಗಲಿ ಅಂತ ಎಂಟರ ಸೈಜಿನ ಜೊತೆಗಳನ್ನೇ ಮೂಟೆ ಕಟ್ಟಿಸಿದೆ. ನಮ್ಮ ಹೊಲಕ್ಕೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಎಷ್ಟೋ ಜನರ ಪಾದ ನಾಲ್ಕು ಐದರ ಸೈಜು ದಾಟುವುದಿಲ್ಲ. ಅದನ್ನು ನಾನು ಕೇಳಿರಲೇ ಇಲ್ಲ.

ಒಂದು ವಾರ ಎಲ್ಲರೂ ಹಾಕಿಕೊಂಡರು. ಆಮೇಲೆ ಬೂಟುಗಳು ಬೆಳಗ್ಗೆ ಬದುವಿನ ಮೇಲೆ ಸಾಲಾಗಿ ನಿಂತವು, ಸಂಜೆ ಅಲ್ಲಿಂದಲೇ ಶೆಡ್ಡಿಗೆ ಮರಳಿದವು. ನನಗೆ ಸಿಟ್ಟು ಬಂತು. ದುಡ್ಡು ಸುರಿದು ತಂದುಕೊಟ್ಟರೂ ಹಾಕಿಕೊಳ್ಳುವುದಿಲ್ಲವಲ್ಲ ಅಂತ ಒಂದು ದಿನ ಕೂಲಿಗೆ ಬರುವ ಒಬ್ಬ ಅಕ್ಕನನ್ನು ಗದರಿಯೂ ಬಿಟ್ಟೆ.

"ಯಾಕಕ್ಕಾ, ಬೂಟು ಅಲ್ಲಿಟ್ಟು ಬರಿಗಾಲಲ್ಲಿ ಇಳಿದಿದ್ದೀಯಾ?"

"ಹಾಕ್ಕೊಂಡ್ರೆ ನಡೆಯಕ್ಕಾಗಲ್ಲಪ್ಪಾ. ನಾನು ಮುಂದಕ್ಕೆ ಬರ್ತೀನಿ, ಬೂಟು ಕೆಸರಲ್ಲೇ ನಿಂತ್ಕೊಳ್ತದೆ."

ಅಕ್ಕ ಸರಿಯಾದ ಕಾರಣವನ್ನೇ ಹೇಳಿದ್ದಳು. ನಾನು ಅದನ್ನು ಅಭ್ಯಾಸವಿಲ್ಲದವರ ನೆಪ ಅಂದುಕೊಂಡೆ. ಇನ್ನೊಂದು ಕೆಲಸವನ್ನೂ ಮಾಡದೆ ಬಿಟ್ಟಿದ್ದೆ. ಪ್ರತಿ ವರ್ಷ ಮಳೆ ಹಿಂದೆಗೆದ ಕೂಡಲೇ ಬದುವಿನ ಹುಲ್ಲು ಸವರಿಸುವುದು ಅಪ್ಪನ ಕಾಲದ ರೂಢಿ. ಆ ವರ್ಷ ಕೂಲಿ ದುಬಾರಿಯಾಗಿತ್ತು, ಬೂಟು ಬೇರೆ ಕೊಡಿಸಿದ್ದೇನೆ, ಮುಂದಿನ ತಿಂಗಳು ನೋಡೋಣ ಅಂತ ಮುಂದೂಡಿದೆ.

ಹುಲ್ಲು ಕೊಯ್ಯುತ್ತಿದ್ದ ಆ ಅಕ್ಕನಿಗೇ ಹಾವು ಕಚ್ಚಿದ್ದು. ಕೊಳಕುಮಂಡಲ. ಬಲಗಾಲಿನ ಹಿಮ್ಮಡಿಯ ಮೇಲೆ, ಗಿಣ್ಣಿನ ಹೊರಬದಿಯಲ್ಲಿ ಎರಡು ಚುಕ್ಕೆ ಗಾಯ. ಅವಳ ಪಾಲಿನ ಬೂಟು ಹತ್ತು ಹೆಜ್ಜೆ ದೂರದಲ್ಲಿತ್ತು. ಯಾರೋ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಲು ಬಂದರು. ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಾಡಿಸಬೇಡಿ ಎಂದು ಅಪ್ಪ ಕೂಗಿ ಹೇಳಿದ್ದರಿಂದ ಆ ಒಂದು ತಪ್ಪು ಆಗಲಿಲ್ಲ. ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಡಾಕ್ಟರು ಅವಳ ರಕ್ತವನ್ನು ಒಂದು ಗಾಜಿನ ಕೊಳವೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಆಮೇಲೆ ಕೊಳವೆಯನ್ನು ಓರೆ ಮಾಡಿದರು. ಹೆಪ್ಪುಗಟ್ಟಿರಬೇಕಾದ ರಕ್ತ ಗಾಜಿನ ಗೋಡೆಯ ಮೇಲೆ ತೆಳ್ಳಗೆ ಹರಿಯಿತು. ಮಂಡಲದ ವಿಷ ರಕ್ತಕ್ಕೆ ಮಾಡುವುದು ಇದನ್ನೇ. ಆ ಕೊಳವೆ ನೋಡಿದ ಮೇಲೆ ಬೂಟಿನ ವಿಚಾರದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯ ಉಳಿಯಲಿಲ್ಲ.

ಪ್ರತಿವಿಷ ಸಮಯಕ್ಕೆ ಸಿಕ್ಕಿತು, ಅಕ್ಕ ಬದುಕಿಕೊಂಡಳು. ಊತ ಇಳಿಯುವುದಕ್ಕೆ ಬಹಳ ದಿನ ಹಿಡಿಯಿತು. ಆ ಕಾಲು ಊರಿ ಕುಕ್ಕರಗಾಲಲ್ಲಿ ಕೂರುವುದು ಅವಳಿಗೆ ಇವತ್ತಿಗೂ ಕಷ್ಟ, ಕಳೆ ಕೀಳುವ ಕೆಲಸವೆಂದರೆ ಕುಕ್ಕರಗಾಲೇ. ಅವಳ ದುಡಿಮೆಯ ಒಂದು ಭಾಗ ನನ್ನ ಹೊಲದಲ್ಲಿ ಕಳೆದುಹೋಯಿತು. ಆಸ್ಪತ್ರೆ ಖರ್ಚು ಕೊಟ್ಟೆ, ಕೂಲಿ ಕೊಟ್ಟೆ. ಅದರಿಂದ ತೀರುವ ಋಣ ಅದಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಮನೆಗೆ ಹೋಗಿ ಕೂತು ಕೇಳಿದೆ. ಮೊದಲೇ ಕೇಳಬೇಕಿದ್ದ ಪ್ರಶ್ನೆಗಳು. ಅವಳು ಒಂದೊಂದಾಗಿ ಹೇಳಿದಳು. ಬೂಟು ದೊಡ್ಡದು, ಹಿಮ್ಮಡಿ ಒಳಗೆ ಮೇಲೆ ಕೆಳಗೆ ಜಾರುತ್ತದೆ, ಮಧ್ಯಾಹ್ನದೊಳಗೆ ಬೊಬ್ಬೆ ಏಳುತ್ತದೆ. ಉದ್ದ ಜಾಸ್ತಿ ಇದ್ದರೂ ಮುಂಭಾಗ ಇಕ್ಕಟ್ಟು, ಕಾಲುಂಗುರ ಪಕ್ಕದ ಬೆರಳಿಗೆ ಒತ್ತುತ್ತದೆ. ಮುತ್ತೈದೆ ಕಾಲುಂಗುರ ತೆಗೆದಿಟ್ಟು ಹೊಲಕ್ಕೆ ಹೋಗುತ್ತಾಳಾ? ಕುಕ್ಕರಗಾಲಲ್ಲಿ ಕೂತರೆ ಬೂಟಿನ ಮೇಲಂಚು ಮಂಡಿಯ ಹಿಂದೆ ಕತ್ತರಿಸುತ್ತದೆ. ಬಿಸಿಲು ಏರಿದರೆ ಒಳಗೆ ಬೆವರು ನಿಲ್ಲುತ್ತದೆ, ಕಾಲು ಬೆಂದ ಹಾಗಾಗುತ್ತದೆ. ಇಷ್ಟು ಮಾತನ್ನು ಯಾವ ಅಂಗಡಿಯವರೂ ನನಗೆ ಹೇಳಿರಲಿಲ್ಲ. ಕಾಲು ಯಾರದೋ ಅವರನ್ನೇ ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಗೊತ್ತಿದ್ದವರು ಮನೆಯಲ್ಲೇ ಇದ್ದರು. ಅಪ್ಪ ದುಡಿದದ್ದು ಭೂಮಿಯ ಮೂರು ಕಿಲೋಮೀಟರು ಆಳಕ್ಕೆ ಇಳಿದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಹಿಡಿದಲ್ಲಿಂದ ಶುರುವಾಗಿ, ತಲೆಮಾರುಗಟ್ಟಲೆ ಜನ ಆ ಶಾಫ್ಟುಗಳಲ್ಲಿ ಇಳಿದು ಹತ್ತಿದ್ದಾರೆ. ತಳದ ಲೆವೆಲ್‌ಗಳಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು, ತಂಪು ಗಾಳಿ ತಳ್ಳದಿದ್ದರೆ ಮನುಷ್ಯ ನಿಲ್ಲುವ ಹಾಗಿರಲಿಲ್ಲ. ಅಂಥ ಸೆಕೆಯಲ್ಲಿ, ಡ್ರಿಲ್ಲಿನ ನೀರು ಹರಿಯುವ ನೆಲದಲ್ಲಿ, ಒಡೆದ ಬೆಣಚುಕಲ್ಲಿನ ಮೇಲೆ ಇಡೀ ಶಿಫ್ಟು ನಿಂತವರಿಗೆ ಕಾಲಿನ ಬೆಲೆ ಗೊತ್ತಿರುತ್ತದೆ. ಗಣಿಗೆ ಕಾಯಿದೆಯ ಬೆಂಬಲವೂ ಇತ್ತು. 1961ರ ಲೋಹಗಣಿ ನಿಯಮಾವಳಿಯ ಪ್ರಕಾರ ಅಂಗೀಕೃತ ಪಾದರಕ್ಷೆ ಇಲ್ಲದೆ ಯಾರೂ ಗಣಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಗಣಿ ಕೆಲಸಗಾರರ ರಬ್ಬರ್ ಕ್ಯಾನ್ವಾಸ್ ಬೂಟಿಗೆಂದೇ ಐಎಸ್ 3976 ಎಂಬ ಪ್ರತ್ಯೇಕ ಮಾನಕವಿದೆ. ನನ್ನ ಹೊಲಕ್ಕೆ ಬಂದು ಯಾರ ಕಾಲಲ್ಲಿ ಏನಿದೆ ಎಂದು ನೋಡುವ ಇನ್‌ಸ್ಪೆಕ್ಟರ್ ಯಾರೂ ಇಲ್ಲ. ನೋಡಬೇಕಾದವನು ನಾನೇ.

"ಬೂಟು ಕೊಟ್ಟ ದಿನ ನೋಡಬಾರದು, ಶಿಫ್ಟು ಮುಗಿಯುವ ಹೊತ್ತಿಗೆ ನೋಡಬೇಕು" ಅಂದರು ಅಪ್ಪ. "ಆಗಲೂ ಕಾಲಲ್ಲಿದ್ರೆ ಅದು ಒಳ್ಳೇ ಬೂಟು." ನಾನು ಕಲಿತ ಪಾಠದ ತಿರುಳು ಇದಿಷ್ಟೇ. ಬಾಳಿಕೆ, ದಪ್ಪ, ಎತ್ತರ ಎಲ್ಲವೂ ಇದರ ಕೆಳಗೆ ಬರುವ ಮಾತುಗಳು. ಆ ಕೆಳಗಿನ ಮಾತುಗಳನ್ನೂ ಆಮೇಲೆ ಒಂದೊಂದಾಗಿ ತಿಳಿದುಕೊಂಡೆ. ಬೂಟು ಕೊಳ್ಳಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಯಾವುದರಿಂದ ಮಾಡಿದ್ದು ಎಂಬುದು. ಪೇಟೆಯಲ್ಲಿ ಗಂಬೂಟು ಎಂದು ಮಾರುವುದರಲ್ಲಿ ಎರಡು ಜಾತಿ. ಒಂದು ಪಿವಿಸಿ: ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತಳ್ಳಿ ಒಂದೇ ಸಲಕ್ಕೆ ತೆಗೆದದ್ದು. ಹೊಲಿಗೆ, ಜೋಡಣೆ ಇಲ್ಲದ್ದರಿಂದ ಹೊಸದರಲ್ಲಿ ಹನಿ ನೀರೂ ಸೋರುವುದಿಲ್ಲ, ಬೆಲೆಯೂ ಕಡಿಮೆ. ಆದರೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ್ಯ ಬಿಸಿಲಿಗೆ ನಿಧಾನವಾಗಿ ಬಿಟ್ಟುಹೋಗುತ್ತದೆ. ಬೂಟು ವರ್ಷದಿಂದ ವರ್ಷಕ್ಕೆ ಬಿರುಸಾಗಿ, ಕೊನೆಗೆ ಬೆರಳು ಮಡಚುವ ಜಾಗದಲ್ಲಿ ಬಿರಿಯುತ್ತದೆ. ಇನ್ನೊಂದು ನಿಜವಾದ ರಬ್ಬರ್: ಕಾಲಿನ ಅಚ್ಚಿನ ಮೇಲೆ ಬಟ್ಟೆಯ ಒಳಪದರ, ಅದರ ಮೇಲೆ ರಬ್ಬರ್ ಹಾಳೆಗಳನ್ನು ಪದರ ಪದರವಾಗಿ ಕೂರಿಸಿ, ಗಂಧಕ ಬೆರೆತ ಆ ರಬ್ಬರನ್ನು ಶಾಖದಲ್ಲಿ ಹದಗೊಳಿಸಿದ್ದು. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಬಿಸಿಲಿಗೆ ಅಂಟದೆ, ಚಳಿಗೆ ಸೀಳದೆ ಉಳಿಯುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಂಬೂಟು ಸಾಧ್ಯವಾದದ್ದೇ ಅದರ ನಂತರ. ನಮ್ಮ ದೇಶದಲ್ಲಿ ಸ್ವದೇಶಿ ಚಳವಳಿಯ ಹುರುಪಿನಲ್ಲಿ ಸುರೇಂದ್ರ ಮೋಹನ್ ಬೋಸ್ 1920ರಲ್ಲಿ ಕಲ್ಕತ್ತೆಯಲ್ಲಿ ಡಕ್‌ಬ್ಯಾಕ್ ಶುರು ಮಾಡಿದರು. ಮಳೆಕೋಟು, ಗಂಬೂಟುಗಳು ಆ ಹೆಸರಿನಲ್ಲಿ ಮನೆ ಮನೆ ತಲುಪಿದವು.

ರಬ್ಬರ್ ಬೂಟು ಕಾಲಿನ ಜೊತೆ ಬಗ್ಗುತ್ತದೆ. ನಡೆದಷ್ಟೂ ಹದವಾಗುತ್ತದೆ. ಮುಳ್ಳು ಚುಚ್ಚಿದರೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಹಾಕುವ ಪ್ಯಾಚನ್ನೇ ಉಜ್ಜಿ ಅಂಟಿಸಿ ಕೊಡುತ್ತಾನೆ; ಪಿವಿಸಿಗೆ ಆ ಸೊಲ್ಯೂಷನ್ ಹಿಡಿಯುವುದಿಲ್ಲ. ಸೀಮೆಜಾಲಿಯ ಮುಳ್ಳು ಎಲ್ಲೆಂದರಲ್ಲಿ ಬಿದ್ದಿರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹಾಗೆಂದು ರಬ್ಬರ್ ಎಲ್ಲಕ್ಕೂ ಮೇಲು ಎನ್ನುವಂತಿಲ್ಲ. ಡೀಸೆಲ್, ಗ್ರೀಸು ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಟಿಲ್ಲರ್, ಪಂಪ್‌ಸೆಟ್ಟಿನ ಬಳಿ, ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೆ ನೈಟ್ರೈಲ್ ಬೆರೆತದ್ದು ಸರಿ. ದಿನಕ್ಕೊಂದು ಗಂಟೆ ಹಟ್ಟಿ ತೊಳೆಯುವವರಿಗೆ ಪಿವಿಸಿ ಧಾರಾಳವಾಗಿ ಸಾಕು. ಬೆಳಗಿನ ರೈಲಿಗೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರಿಗೂ ಗಂಬೂಟು ಬೇಕು, ಏಕೆಂದರೆ ಹಸಿ ಕಾಂಕ್ರೀಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ಅವರಿಗೆ ಬೆರಳಿನ ಮೇಲೆ ಉಕ್ಕಿನ ತೊಪ್ಪಿಗೆ, ಅಟ್ಟೆಯಲ್ಲಿ ಮೊಳೆ ತಡೆಯುವ ಉಕ್ಕಿನ ತಗಡು ಇರುವುದೇ ಆಗಬೇಕು. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ರಬ್ಬರ್ ಬೂಟಿಗೆ ಐಎಸ್ 5557, ಪಿವಿಸಿ ಬೂಟಿಗೆ ಐಎಸ್ 12254 ಎಂದು ಅಚ್ಚಾಗಿರುತ್ತದೆ.

ಇನ್ನು ಅಳತೆ. ನಮ್ಮಲ್ಲಿ ಚಪ್ಪಲಿ, ಬೂಟುಗಳ ಸೈಜು ಬ್ರಿಟಿಷರ ಕಾಲದಿಂದ ಬಂದ ಅಳತೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈಚೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿತು. ಭಾರತೀಯರ ಪಾದ ಮುಂಭಾಗದಲ್ಲಿ ಹೆಚ್ಚು ಅಗಲ ಎಂದು ತಿಳಿಯಿತು. ನಮ್ಮದೇ ಹೊಸ ಅಳತೆಗೆ 'ಭ' ಎಂದು ಹೆಸರಿಟ್ಟು ಶಿಫಾರಸು ಮಾಡಿದರು. ಅಕ್ಕ ಹೇಳಿದ್ದು ಇದನ್ನೇ: ಉದ್ದ ಮಿಕ್ಕಿತು, ಅಗಲ ಸಾಲಲಿಲ್ಲ. ಅಗಲ ಸಾಲದೆಂದು ಒಂದು ಸೈಜು ಹೆಚ್ಚು ಕೊಂಡರೆ ಹಿಮ್ಮಡಿ ಜಾರುತ್ತದೆ, ಕೆಸರು ಬೂಟನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ ಉದ್ದ ಬೇರೆ, ಅಗಲ ಬೇರೆ ನೋಡಬೇಕು. ಮನೆಯಲ್ಲಿ ಹಳೇ ಪತ್ರಿಕೆಯ ಮೇಲೆ ಪಾದ ಊರಿ ನಿಂತು, ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದು, ಆ ಹಾಳೆ ಕತ್ತರಿಸಿಕೊಂಡು ಅಂಗಡಿಗೆ ಹೋಗಿ ಬೂಟಿನ ಅಟ್ಟೆಯ ಮೇಲಿಟ್ಟು ನೋಡಿದರೆ ಅರ್ಧ ಕೆಲಸ ಆದಂತೆ. ಆಳುಗಳನ್ನೇ ಕರೆದೊಯ್ದರೆ ಪೂರ್ತಿ ಆದಂತೆ. ಸಾಯಂಕಾಲ ಹೋಗುವುದು ಒಳ್ಳೆಯದು, ದಿನವಿಡೀ ನಿಂತ ಕಾಲು ಆ ಹೊತ್ತಿಗೆ ಸ್ವಲ್ಪ ಉಬ್ಬಿರುತ್ತದೆ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ. ಕಾಲುಚೀಲ ಹಾಕಿಕೊಂಡೇ ಬೂಟು ತೊಟ್ಟು, ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು, ಎರಡು ಇಳಿಯಬಾರದು. ಆಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಮೇಲಂಚು ಮಂಡಿಯ ಹಿಂದೆ ಚುಚ್ಚಿದರೆ ಆ ಎತ್ತರ ನಿಮಗಲ್ಲ, ಮೀನಖಂಡದ ಅರ್ಧಕ್ಕೆ ನಿಲ್ಲುವುದನ್ನು ಕೇಳಿ. ಕುಳಿತು ಮಾಡುವ ಕೆಲಸವೇ ಹೆಚ್ಚಿರುವ ನಮಗೆ ಇದು ಮುಖ್ಯ. ಮೂರನೆಯದು, ಬೂಟಿನ ಮೇಲ್ಭಾಗವನ್ನು ಎರಡಾಗಿ ಮಡಚಿ ಬಿಡಿ. ಒಳ್ಳೆಯ ರಬ್ಬರು ಗೆರೆ ಉಳಿಸಿಕೊಳ್ಳದೆ ಮೊದಲಿನಂತಾಗುತ್ತದೆ. ಮಡಿಕೆಯಲ್ಲಿ ಬಿಳಿ ಗೆರೆ ನಿಂತರೆ ಅಲ್ಲೇ ನಾಳೆ ಬಿರುಕು. ನಾಲ್ಕನೆಯದು, ಅಟ್ಟೆ ಮತ್ತು ಮೇಲ್ಭಾಗ ಕೂಡುವ ಅಂಚನ್ನು ಹೆಬ್ಬೆರಳಿನಿಂದ ಎಬ್ಬಿಸಿ ನೋಡಿ. ಮನೆಗೆ ತಂದ ಮೇಲೆ ಒಳಗೆ ಒಣ ಪತ್ರಿಕೆ ತುರುಕಿ, ಬಕೆಟ್ಟಿನ ನೀರಿನಲ್ಲಿ ಅರ್ಧ ಮುಳುಗಿಸಿ ರಾತ್ರಿಯಿಡೀ ನಿಲ್ಲಿಸಿದರೆ ಸೋರಿಕೆ ಇದೆಯೋ ಇಲ್ಲವೋ ಬೆಳಗ್ಗೆ ಕಾಗದವೇ ಹೇಳುತ್ತದೆ.

ಅಟ್ಟೆಯನ್ನು ನಿಮ್ಮ ನೆಲ ತೀರ್ಮಾನಿಸಬೇಕು. ಕೆರೆ ಹಿಂದಿನ ಜಿಗುಟು ಮಣ್ಣಿಗೆ ಹಲ್ಲುಗಳು ಆಳವಾಗಿ, ವಿರಳವಾಗಿ, ಪಕ್ಕಕ್ಕೆ ಬಾಯಿ ತೆರೆದುಕೊಂಡಿರಬೇಕು. ಹತ್ತಿರ ಹತ್ತಿರವಿದ್ದರೆ ಮಣ್ಣು ತುಂಬಿಕೊಂಡು ಅಟ್ಟೆ ನುಣ್ಣಗಾಗಿ ಜಾರುತ್ತದೆ. ಕೆಜಿಎಫ್‌ನ ಸುತ್ತಮುತ್ತಲ ಬೆಣಚುಕಲ್ಲಿನ ದಿಣ್ಣೆಗಳಲ್ಲಿ ಓಡಾಡುವವರಿಗೆ ಹಲ್ಲಿಗಿಂತ ದಪ್ಪ ಮುಖ್ಯ. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಮಳೆಗೆ ಕೊಚ್ಚಿಬರುವ ನುಣುಪಾದ ಹಿಟ್ಟುಮಣ್ಣು ಒಣಗಿದಾಗ ಧೂಳು, ನೆಂದಾಗ ಭಾರಿ ಜಾರು. ಅಲ್ಲಿ ಹಿಮ್ಮಡಿಯ ಅಂಚು ಚೂಪಾಗಿ ಎದ್ದಿರುವ ಬೂಟೇ ಹಿಡಿತ ಕೊಡುವುದು. ಭತ್ತದ ನಾಟಿಗೆ ಮಾತ್ರ ಯಾವ ಗಂಬೂಟೂ ಒಗ್ಗುವುದಿಲ್ಲ. ಮೊಣಕಾಲುದ್ದದ ಕೆಸರು ಬೂಟಿನೊಳಗೆ ಇಳಿದರೆ ಹೆಜ್ಜೆ ಎತ್ತಲಾಗದೆ ಬೀಳುತ್ತಾರೆ. ಕೊಯ್ಲು, ಹುಲ್ಲು ಕೊಯ್ಯುವುದು, ನೀರು ಕಟ್ಟುವುದು, ಮಳೆ ಬಿದ್ದ ಮೇಲೆ ಟೊಮೇಟೊ ಬಿಡಿಸಿ ಕ್ರೇಟು ಹೊರುವುದು, ಇವು ಬೂಟಿನ ಕೆಲಸಗಳು.

ನೀರು ಒಳಗೆ ಬಾರದ ಬೂಟು ಬೆವರನ್ನೂ ಹೊರಗೆ ಬಿಡುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಮಧ್ಯಾಹ್ನ ಕಾಲೇ ಹೇಳುತ್ತದೆ. ದಿನವಿಡೀ ಒದ್ದೆಯಲ್ಲಿ ಬೆಂದ ಬೆರಳ ಸಂದು ಬಿರಿದು ಕೊಳೆಯುತ್ತದೆ. ಹಾಗೆ ಬಿರಿದ ಕಾಲಿನಲ್ಲಿ ಗದ್ದೆಯ ನೀರಿಗೆ ಇಳಿದರೆ ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರದ ಭಯವೂ ಇದೆ. ಅದಕ್ಕೆ ಉಪಾಯ ಸುಲಭದ್ದೇ: ಎರಡು ಜೊತೆ ಕಾಲುಚೀಲ, ಊಟದ ಹೊತ್ತಿಗೆ ಬೂಟು ಬಿಚ್ಚಿ ಕಾಲು ಒರೆಸಿ ಅರ್ಧ ಗಂಟೆ ಗಾಳಿಗೆ ಬಿಡುವುದು, ಒಣ ಚೀಲ ಹಾಕಿ ಮತ್ತೆ ತೊಡುವುದು. ಊಟದ ಬಿಡುವನ್ನು ಹತ್ತು ನಿಮಿಷ ಹೆಚ್ಚು ಮಾಡಿದರೆ ಬೂಟು ಸಂಜೆಯ ತನಕ ಕಾಲಲ್ಲಿ ಉಳಿಯುತ್ತದೆ.

ಸಂಜೆ ಕೆಸರು ತೊಳೆದು, ಬಾಯಿ ಕೆಳಗಾಗಿ ಗೂಟಕ್ಕೆ ಸಿಕ್ಕಿಸಿ ನೆರಳಲ್ಲಿ ಆರಿಸಬೇಕು. ಒಲೆಯ ಪಕ್ಕ, ಬಿಸಿಲಿನ ಸೂರಿನ ಮೇಲೆ ಇಡಬಾರದು. ಮಡಚಿ ಮೂಲೆಗೆ ಹಾಕಬಾರದು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುವುದು ಅದು ಎಳೆದುಕೊಂಡಿರುವ ಮಡಿಕೆಯಲ್ಲೇ. ಕಿಡಿ ಹಾರುವ ಮೋಟರಿನ ಬಳಿ ಓಝೋನ್ ಹೆಚ್ಚು, ಆದ್ದರಿಂದ ಪಂಪ್‌ಹೌಸಿನಲ್ಲಿ ಬೂಟು ಇಡುವ ಅಭ್ಯಾಸವೂ ಒಳ್ಳೆಯದಲ್ಲ. ಬೆಳಗ್ಗೆ ತೊಡುವ ಮೊದಲು ತಲೆಕೆಳಗು ಮಾಡಿ ಎರಡು ಸಲ ನೆಲಕ್ಕೆ ಕುಟ್ಟಬೇಕು, ಚೇಳು ಜರಿಗಳಿಗೆ ಬೂಟಿನೊಳಗಿನ ಕತ್ತಲೆ ಇಷ್ಟ.

ಹೊರದೇಶಗಳಲ್ಲಿ ಇಂಥ ಬೂಟುಗಳನ್ನು ಬೇಟೆಗೆಂದೇ ಮಾರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು, ಮುಗಿಯಬೇಕಾದದ್ದೇ. ಆದರೆ ರಾತ್ರಿ ಹೊಲದಲ್ಲಿ ಕಾಲಿಡುವ ಕೆಲಸ ಮುಗಿದಿಲ್ಲ. ಕಾಮಸಮುದ್ರ, ಬೂದಿಕೋಟೆಯ ಕಡೆ ಗಡಿಯಾಚೆಯ ಕಾಡಿನಿಂದ ಆನೆ ಹಿಂಡು ಬರುತ್ತದೆ, ಕಾಡುಹಂದಿ ಎಲ್ಲ ಕಡೆಯೂ ಇದೆ. ರಾಗಿ ಕಾಯುವವರೂ ಅರಣ್ಯ ಇಲಾಖೆಯ ವಾಚರ್‌ಗಳೂ ಕತ್ತಲೆಯಲ್ಲಿ ಒದ್ದೆ ಹುಲ್ಲು ತುಳಿದು ಓಡಾಡುತ್ತಾರೆ. ಅವರಿಗೆ ನನ್ನ ಮಾತು ಒಂದೇ: ಓಡಲು ಬಾರದ ಬೂಟು ತೊಡಬೇಡಿ. ಆನೆ ಎದುರಾದಾಗ ಕಳಚಿ ಬೀಳುವ ಬೂಟು ಬರಿಗಾಲಿಗಿಂತ ಕೆಟ್ಟದ್ದು. ಕೊಂಡ ದಿನವೇ ಅದನ್ನು ತೊಟ್ಟು ಉತ್ತ ಹೊಲದಲ್ಲಿ ಓಡಿ ನೋಡಿ.

ಬೂಟಿನಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದನ್ನೂ ಹೇಳಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕಡಿತ ಬೀಳುವುದೂ ಬಹುಪಾಲು ಪಾದಕ್ಕೆ, ಮೊಣಕಾಲಿನ ಕೆಳಗೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಾಲಿಗೆ ಸರಿಯಾಗಿ ಕೂತ ಗಂಬೂಟು ಈ ಕಡಿತಗಳಲ್ಲಿ ಎಷ್ಟನ್ನೋ ತಪ್ಪಿಸಬಲ್ಲದು. ಆದರೆ ಕೊಳಕುಮಂಡಲದ ಹಲ್ಲು ಉದ್ದ, ತೆಳು ಬೂಟನ್ನು ದಾಟಬಹುದು. ಹುಲ್ಲಿಗೆ ಚಾಚಿದ ಕೈಗೆ ಬೂಟಿನಿಂದ ರಕ್ಷಣೆಯೇ ಇಲ್ಲ. ಮೊದಲ ರಕ್ಷಣೆ ಬದುವಿನ ಹುಲ್ಲು ಸವರುವುದು, ಇಲಿ ಬಿಲ ಮುಚ್ಚುವುದು, ಕೋಲಿನಿಂದ ತಟ್ಟಿ ಮುಂದೆ ಹೋಗುವುದು, ಕತ್ತಲೆಯಲ್ಲಿ ಟಾರ್ಚು. ಬೂಟು ಬರುವುದು ಇವೆಲ್ಲದರ ನಂತರ. ನಾನು ಅದನ್ನು ಇವೆಲ್ಲದರ ಬದಲಿಗೆ ಇಟ್ಟೆ.

ಈ ತಪ್ಪು ನನ್ನೊಬ್ಬನದಲ್ಲ, ಅದಕ್ಕೆ ದೊಡ್ಡ ಚರಿತ್ರೆಯಿದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಸುರಂಗದ ನೀರು ಬಸಿಯುವುದಕ್ಕಿಂತ ಕಪ್ಪು ಕಾರ್ಮಿಕರಿಗೆ ಗಂಬೂಟು ಕೊಡುವುದೇ ಅಗ್ಗವೆಂದು ಮಾಲೀಕರು ಲೆಕ್ಕ ಹಾಕಿದ್ದರು ಎನ್ನುತ್ತಾರೆ. ಆ ಕಾರ್ಮಿಕರು ಅದೇ ಬೂಟುಗಳನ್ನು ತಟ್ಟಿ ಕುಣಿದದ್ದು ಇವತ್ತು ಲೋಕಪ್ರಸಿದ್ಧ ನೃತ್ಯ. ನಮ್ಮ ಕೆಜಿಎಫ್‌ನಲ್ಲೇ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ತಮ್ಮ ಮನೆಯವರೇ ಮಾಡುತ್ತಿದ್ದ ಮಲ ಹೊರುವ ಕೆಲಸದ ವಿರುದ್ಧ ನಿಂತಾಗ, ಆ ಕೆಲಸಗಾರರಿಗೆ ಒಳ್ಳೆಯ ಬೂಟು, ಕೈಗವಸು ಕೊಡಿ ಎಂದು ಕೇಳಿ ಸುಮ್ಮನಾಗಲಿಲ್ಲ. ಆ ಕೆಲಸವೇ ನಿಲ್ಲಬೇಕೆಂದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬೂಟು ಕೊಟ್ಟು ಅಪಾಯವನ್ನು ಹಾಗೇ ಬಿಡಬಹುದಾದ ಕೆಲಸ ಯಾವುದು, ಅಪಾಯವನ್ನೇ ತೆಗೆಯಬೇಕಾದ ಕೆಲಸ ಯಾವುದು ಎಂಬುದನ್ನು ಕೆಲಸ ಕೊಡುವವನು ಮೊದಲು ಯೋಚಿಸಬೇಕು. ನನ್ನ ಹೊಲದ ಮಟ್ಟಿಗೆ ಆ ಯೋಚನೆಯ ಬೆಲೆ ಎರಡು ದಿನದ ಹುಲ್ಲು ಸವರುವ ಕೂಲಿಯಷ್ಟೇ ಆಗಿತ್ತು.

ಈಗ ನಮ್ಮಲ್ಲಿ ಕ್ರಮ ಬದಲಾಗಿದೆ. ಮಳೆ ನಿಂತ ವಾರದಲ್ಲೇ ಬದು ಸವರುತ್ತೇವೆ. ಬೂಟು ಬೇಕಾದವರು ಜೊತೆಗೆ ಬರುತ್ತಾರೆ, ತೊಟ್ಟು ಕೂತು ಎದ್ದು ನೋಡಿ ತಾವೇ ಆರಿಸುತ್ತಾರೆ. ಚಿಕ್ಕ ಸೈಜು ಸುಲಭಕ್ಕೆ ಸಿಗುವುದಿಲ್ಲ, ತರಿಸಿಕೊಡಿ ಎಂದು ಪಟ್ಟು ಹಿಡಿದರೆ ಅಂಗಡಿಯವರು ತರಿಸುತ್ತಾರೆ. ಕಾಲುಂಗುರದ ಬೆರಳಿಗೆ ಜಾಗ ಇದೆಯೇ ಎಂದು ಹೆಂಗಸರು ಈಗ ಸಂಕೋಚವಿಲ್ಲದೆ ಕೇಳುತ್ತಾರೆ. ಪ್ರತಿಯೊಬ್ಬರ ಜೊತೆಯ ಮೇಲೂ ಅವರವರ ಗುರುತಿದೆ. ಬೂಟಿನ ಖರ್ಚನ್ನು ಬೀಜ, ಗೊಬ್ಬರ, ಔಷಧಿಯ ಸಾಲಿನಲ್ಲೇ ಬರೆಯುತ್ತೇನೆ. ಆಳುಗಳಿಗೆ ಮಾಡಿದ ಉಪಕಾರವೆಂದು ಲೆಕ್ಕ ಹಿಡಿಯುವುದಿಲ್ಲ. ಆ ಅಕ್ಕ ಈಗ ನಿಂತು ಮಾಡುವ ಕೆಲಸ ಮಾಡುತ್ತಾಳೆ, ಹಣ್ಣು ವಿಂಗಡಿಸುವುದು, ಕ್ರೇಟು ಲೆಕ್ಕ. ಕೂಲಿ ಮೊದಲಿನಷ್ಟೇ.

ಕೂಲಿ ಕೊಟ್ಟು ಕೆಲಸ ಮಾಡಿಸುವ ಎಲ್ಲರಲ್ಲೂ ನನ್ನದೊಂದು ಕೇಳಿಕೆ. ಈ ಸಲ ಬೂಟು ಕೊಳ್ಳುವ ಮುನ್ನ ನಿಮ್ಮ ಆಳುಗಳ ಪಾದದ ಅಳತೆ ಕೇಳಿ ಬರೆದುಕೊಳ್ಳಿ. ಕೊಟ್ಟ ಮೇಲೆ ಸಂಜೆ ಹೊಲಕ್ಕೆ ಹೋಗಿ ಅವು ಎಲ್ಲಿವೆ ನೋಡಿ. ಬದುವಿನ ಮೇಲಿದ್ದರೆ ಗದರಬೇಡಿ. ಯಾಕೆ ಬಿಚ್ಚಿದಿರಿ ಎಂದು ಕೇಳಿ, ಹೇಳಿದ್ದನ್ನು ನಂಬಿ, ಬೇರೆ ಜೊತೆ ಕೊಡಿಸಿ.